ಮನೋರೋಗ ಶುಶ್ರೂಷಾ ಸಂಶೋಧನೆಯ ಇತಿಹಾಸ

ಮನೋರೋಗ ಶುಶ್ರೂಷಾ ಸಂಶೋಧನೆ ಎಂದರೆ ಮಾನಸಿಕ ಕಾಯಿಲೆಯವರ ಆರೈಕೆಯಲ್ಲಿ ನರ್ಸ್‌ಗಳು ಮಾಡುವ ಕೆಲಸವನ್ನು ಕ್ರಮವಾಗಿ ಗಮನಿಸಿ, ದಾಖಲಿಸಿ, ಪರೀಕ್ಷಿಸಿ, ಸಿಕ್ಕ ತಿಳಿವಳಿಕೆಯನ್ನು ಮತ್ತೆ ವಾರ್ಡಿಗೆ ತರುವ ಅಧ್ಯಯನ ಶಾಖೆ. ಇದಕ್ಕೆ ಈಗ ಎಪ್ಪತ್ತು ವರ್ಷ ದಾಟಿದೆ. ಪಠ್ಯಪುಸ್ತಕಗಳಲ್ಲಿ ಇದರ ಕಥೆ ಸಾಮಾನ್ಯವಾಗಿ ಅಮೆರಿಕದ ನರ್ಸ್ ಹಿಲ್ಡೆಗಾರ್ಡ್ ಪೆಪ್ಲೌ ಹೆಸರಿನಿಂದ ಆರಂಭವಾಗಿ ಅಲ್ಲೇ ಮುಗಿಯುತ್ತದೆ. ಯಾವ ಅಧ್ಯಯನ ಮೊದಲನೆಯದು, ಯಾವುದನ್ನು ನರ್ಸ್‌ಗಳ ಸಂಶೋಧನೆ ಎನ್ನಬೇಕು, ಸಿಕ್ಕ ಫಲಿತಾಂಶ ರೋಗಿಯ ಮಂಚದವರೆಗೆ ತಲುಪಿತೇ ಎಂಬ ಪ್ರಶ್ನೆಗಳಿಗೆ ಅಲ್ಲಿ ಜಾಗ ಕಡಿಮೆ.

ಹಿನ್ನೆಲೆ: ಅಮೆರಿಕದ ಮ್ಯಾಸಚೂಸೆಟ್ಸ್‌ನ ಮೆಕ್‌ಲೀನ್ ಆಸ್ಪತ್ರೆಯಲ್ಲಿ 1882ರಲ್ಲಿ ಮಾನಸಿಕ ರೋಗಿಗಳ ಶುಶ್ರೂಷೆಗೆಂದೇ ತರಬೇತಿ ಶಾಲೆ ತೆರೆಯಿತು. ಬ್ರಿಟನ್ನಿನಲ್ಲಿ 1885ರಲ್ಲಿ ವೈದ್ಯರು ಪರಿಚಾರಕರಿಗಾಗಿ ಕೈಪಿಡಿಯೊಂದನ್ನು ಹೊರತಂದರು. 1920ರಲ್ಲಿ ಹ್ಯಾರಿಯೆಟ್ ಬೈಲಿ ಅವರ ಪಠ್ಯಪುಸ್ತಕ ಬಂತು. ಇವು ತರಬೇತಿಯ ಚರಿತ್ರೆಗೆ ಸೇರಿದವು. ರೋಗಿಯ ಜೊತೆ ನರ್ಸ್ ಕಳೆಯುವ ಹೊತ್ತಿನಲ್ಲಿ ಏನಾಗುತ್ತದೆ ಎಂದು ಯಾರೂ ಇನ್ನೂ ಕೇಳಿರಲಿಲ್ಲ. ಎರಡನೆಯ ಮಹಾಯುದ್ಧದ ಬಳಿಕ 1946ರಲ್ಲಿ ಅಮೆರಿಕ ಮಾನಸಿಕ ಆರೋಗ್ಯ ಕಾಯ್ದೆ ತಂದು ನರ್ಸ್‌ಗಳ ಉನ್ನತ ಶಿಕ್ಷಣಕ್ಕೂ ಹಣ ಒದಗಿಸಿದ ಮೇಲೆ ಆ ಪ್ರಶ್ನೆ ಕೇಳಬಲ್ಲವರು ತಯಾರಾದರು.

1952 ಮತ್ತು ಮೊದಲಿಗರ ಪ್ರಶ್ನೆ: ಪೆಪ್ಲೌ (1909–1999) ಅವರ ‘ಇಂಟರ್‌ಪರ್ಸನಲ್ ರಿಲೇಷನ್ಸ್ ಇನ್ ನರ್ಸಿಂಗ್’ ಪ್ರಕಟವಾದದ್ದು 1952ರಲ್ಲಿ. ಹಸ್ತಪ್ರತಿ 1948ರಲ್ಲೇ ಸಿದ್ಧವಾಗಿತ್ತು. ವೈದ್ಯರೊಬ್ಬರು ಸಹಲೇಖಕರಾಗಿಲ್ಲದೆ ನರ್ಸ್ ಒಬ್ಬರೇ ಇಂಥ ಪುಸ್ತಕ ಬರೆಯುವುದು ಆಗ ರೂಢಿಯಲ್ಲಿರಲಿಲ್ಲ; ಅದಕ್ಕಾಗಿಯೇ ನಾಲ್ಕು ವರ್ಷ ತಡವಾಯಿತು ಎಂದು ಅವರ ಚರಿತ್ರೆ ಬರೆದವರು ದಾಖಲಿಸಿದ್ದಾರೆ. ನರ್ಸ್ ಮತ್ತು ರೋಗಿಯ ನಡುವಿನ ಸಂಬಂಧವೇ ಚಿಕಿತ್ಸೆಯ ಸಾಧನ ಎಂಬುದು ಪುಸ್ತಕದ ತಿರುಳು. ಆತಂಕಕ್ಕೆ ಲಘು, ಮಧ್ಯಮ, ತೀವ್ರ, ದಿಗಿಲು ಎಂದು ಪೆಪ್ಲೌ ಹಾಕಿದ ನಾಲ್ಕು ಹಂತಗಳನ್ನು ಇಂದಿಗೂ ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಕಲಿಯುತ್ತಾರೆ. ರೋಗಿ ಆಡಿದ ಮಾತು, ತಾನು ಕೊಟ್ಟ ಉತ್ತರ, ಆ ಕ್ಷಣ ತನಗನಿಸಿದ್ದು ಎಲ್ಲವನ್ನೂ ಬರೆದಿಡುವ ‘ಪ್ರೋಸೆಸ್ ರೆಕಾರ್ಡಿಂಗ್’ ಅಭ್ಯಾಸವೂ ಆ ಪರಂಪರೆಯದೇ.

ಆದರೆ ಪೆಪ್ಲೌ ಅವರದು ಸಿದ್ಧಾಂತ ಗ್ರಂಥ. ಒಂದು ವಾರ್ಡಿನಲ್ಲಿ ಸಮಸ್ಯೆ ಗುರುತಿಸಿ, ಮಧ್ಯೆ ಪ್ರವೇಶಿಸಿ, ಬದಲಾವಣೆಯನ್ನು ವರದಿ ಮಾಡಿದ ಕೆಲಸ ಅದೇ 1952ರಲ್ಲಿ ‘ಸೈಕಿಯಾಟ್ರಿ’ ಪತ್ರಿಕೆಯಲ್ಲಿ ಬಂದ ನರ್ಸ್ ಗ್ವೆನ್ ಟ್ಯೂಡರ್ ಅವರ ಲೇಖನ. ಮೇರಿಲ್ಯಾಂಡ್‌ನ ಚೆಸ್ಟ್‌ನಟ್ ಲಾಡ್ಜ್ ಆಸ್ಪತ್ರೆಯಲ್ಲಿ ಅವರು ಕಂಡದ್ದು ಇದು. ಕೆಲವು ರೋಗಿಗಳನ್ನು ಸಿಬ್ಬಂದಿ ಮಾತನಾಡಿಸುವುದೇ ಇಲ್ಲ. ಕೇಳಿದರೆ, ‘ಅವರಿಗೆ ಒಬ್ಬರೇ ಇರುವುದು ಇಷ್ಟ’ ಎನ್ನುತ್ತಾರೆ. ಯಾರೂ ಬರುವುದಿಲ್ಲ ಎಂದು ರೋಗಿ ಇನ್ನಷ್ಟು ಮುದುಡುತ್ತಾರೆ. ಅದನ್ನು ನೋಡಿದ ಸಿಬ್ಬಂದಿ ಇನ್ನಷ್ಟು ದೂರ ಉಳಿಯುತ್ತಾರೆ. ಇದನ್ನು ಟ್ಯೂಡರ್ ರೋಗದ ಲಕ್ಷಣ ಎಂದು ಬಗೆಯಲಿಲ್ಲ. ವಾರ್ಡಿನಲ್ಲಿ ಎರಡೂ ಕಡೆಯವರು ಸೇರಿ ಹೆಣೆದ ಬಲೆ ಎಂದು ಗುರುತಿಸಿದರು. ತಾವೇ ಮತ್ತೆ ಮತ್ತೆ ಅಂಥ ರೋಗಿಯ ಬಳಿ ಹೋದರು, ಉಳಿದ ಸಿಬ್ಬಂದಿಯನ್ನೂ ಹಾಗೆ ಹೋಗುವಂತೆ ಮಾಡಿದರು, ಆಮೇಲೆ ಎರಡೂ ಕಡೆ ಆದ ಬದಲಾವಣೆಯನ್ನು ಬರೆದರು. ಮನೋರೋಗ ಶುಶ್ರೂಷೆಯಲ್ಲಿ ಮೊದಲ ಕ್ಲಿನಿಕಲ್ ಸಂಶೋಧನೆ ಎಂಬ ಸ್ಥಾನ ಈ ಲೇಖನಕ್ಕೆ ಸಲ್ಲಬೇಕು.

ಟ್ಯೂಡರ್ ಹೆಸರು ಪೆಪ್ಲೌ ಹೆಸರಿನಷ್ಟು ಉಳಿಯದಿರುವುದಕ್ಕೆ ಒಂದು ಸಾದಾ ಕಾರಣವೂ ಇದೆ. ಮುಂದಿನ ವರ್ಷವೇ ಅವರು ಗ್ವೆನ್ ಟ್ಯೂಡರ್ ವಿಲ್ ಎಂಬ ಹೆಸರಿನಲ್ಲಿ, ಸಮಾಜಶಾಸ್ತ್ರಜ್ಞ ಮೋರಿಸ್ ಶ್ವಾರ್ಟ್ಸ್ ಜೊತೆ, ಅದೇ ಸಮಸ್ಯೆಯ ಬಗ್ಗೆ ಬರೆದರು. ಸೂಚಿಗಳಲ್ಲಿ ಒಂದು ಕೆಲಸ ‘ಟ್ಯೂಡರ್’ ಅಡಿ, ಇನ್ನೊಂದು ‘ವಿಲ್’ ಅಡಿ ಕೂತಿತು. (‘ಟ್ಯೂಸ್‌ಡೇಸ್ ವಿತ್ ಮೋರಿ’ ಓದಿದವರಿಗೆ ಪರಿಚಿತರಾದ ಪ್ರೊಫೆಸರ್ ಮೋರಿ ಇದೇ ಶ್ವಾರ್ಟ್ಸ್.) ಪೆಪ್ಲೌ ಕೂಡ ವಿದ್ಯಾರ್ಥಿದೆಸೆಯಲ್ಲಿ ಅದೇ ಚೆಸ್ಟ್‌ನಟ್ ಲಾಡ್ಜ್‌ನಲ್ಲಿ ಕಲಿತವರು, ಇಬ್ಬರ ಮೇಲೂ ಮನೋವೈದ್ಯ ಹ್ಯಾರಿ ಸ್ಟ್ಯಾಕ್ ಸಲಿವನ್ ಅವರ ವಿಚಾರಗಳ ನೆರಳಿದೆ. ಹಾಗಾಗಿ ಇಬ್ಬರಲ್ಲಿ ಯಾರು ಮೊದಲು ಎಂದು ಜಗ್ಗಾಡುವುದಕ್ಕಿಂತ ಇವು ಒಂದೇ ಬೇರಿನಿಂದ ಒಡೆದ ಎರಡು ಟಿಸಿಲು ಎನ್ನುವುದು ಸರಿ.

ಎಣಿಸಿದವರು ಯಾರು: 1959ರಲ್ಲಿ ಕೆನಡಾದ ಸಸ್ಕ್ಯಾಚೆವನ್ ಆಸ್ಪತ್ರೆಯಿಂದ ಟಿಯೊಡೊರೊ ಐಲಾನ್ ಮತ್ತು ಜ್ಯಾಕ್ ಮೈಕಲ್ ಎಂಬ ಮನೋವಿಜ್ಞಾನಿಗಳ ವರದಿ ಬಂತು. ನರ್ಸ್‌ಗಳ ಕೋಣೆಗೆ ದಿನಕ್ಕೆ ಸರಾಸರಿ 16 ಸಲ ನುಗ್ಗುತ್ತಿದ್ದ ಮಹಿಳೆಯೊಬ್ಬರು ಅದರಲ್ಲಿದ್ದಾರೆ. ಅಲ್ಲಿಯವರೆಗೆ ನರ್ಸ್‌ಗಳು ಕೈಹಿಡಿದು ವಾರ್ಡಿಗೆ ಬಿಟ್ಟುಬರುತ್ತಿದ್ದರು. ಆ ಗಮನವೇ ಆಕೆಯನ್ನು ಮತ್ತೆ ಕರೆತರುತ್ತಿದೆ ಎಂದು ತರ್ಕಿಸಿ, ಬಂದಾಗ ಗಮನ ಕೊಡಬೇಡಿ ಎಂದು ಸೂಚಿಸಲಾಯಿತು. ಏಳನೆಯ ವಾರದ ಹೊತ್ತಿಗೆ ಸಂಖ್ಯೆ 2ಕ್ಕೆ ಇಳಿಯಿತು. ವರ್ತನಾ ಚಿಕಿತ್ಸೆಯ ಚರಿತ್ರೆಯಲ್ಲಿ ಈ ಲೇಖನ ಪ್ರಸಿದ್ಧ. ಶುಶ್ರೂಷಾ ಚರಿತ್ರೆಯಲ್ಲಿ ಅದರ ಸ್ಥಾನ ತಕರಾರಿನದು. ಗಮನಿಸಿ ಎಣಿಸಿದವರು, ಸೂಚನೆ ಜಾರಿಗೆ ತಂದವರು ನರ್ಸ್‌ಗಳು. ಲೇಖಕರ ಸಾಲಿನಲ್ಲಿ ಅವರ ಹೆಸರಿಲ್ಲ. ಟ್ಯೂಡರ್ ಕಂಡ ರೋಗಿಗೆ ನರ್ಸ್ ಹತ್ತಿರ ಬರುವುದು ಮದ್ದಾದರೆ ಇಲ್ಲಿ ಮುಖ ತಿರುಗಿಸುವುದೇ ಮದ್ದಾಯಿತು. ಗಮನದ ಆಚೆಗೆ ಆ ಮಹಿಳೆಗೆ ಏನು ಬೇಕಿತ್ತು ಎಂಬ ಪ್ರಶ್ನೆಯನ್ನು ವರದಿ ಎತ್ತುವುದಿಲ್ಲ. ಅದು ದೊಡ್ಡ ಲೋಪ.

ಇದೇ ಅವಧಿಯಲ್ಲಿ ನರ್ಸ್ ಇಡಾ ಜೀನ್ ಒರ್ಲ್ಯಾಂಡೊ ಯೇಲ್ ವಿಶ್ವವಿದ್ಯಾಲಯದಲ್ಲಿದ್ದಾಗ ನರ್ಸ್–ರೋಗಿ ಭೇಟಿಗಳ ದಾಖಲೆಗಳಿಂದ ರೂಪಿಸಿದ ವಿಧಾನವನ್ನು 1961ರಲ್ಲಿ ಪ್ರಕಟಿಸಿದರು. ರೋಗಿಗೆ ಏನು ಬೇಕು ಎಂದು ನರ್ಸ್ ತಾನೇ ಊಹಿಸಿಕೊಳ್ಳದೆ, ತನಗನಿಸಿದ್ದನ್ನು ರೋಗಿಯ ಮುಂದಿಟ್ಟು ‘ಹೌದೇ?’ ಎಂದು ಕೇಳಬೇಕು ಎಂಬುದು ಅದರ ಸಾರ. ಅದನ್ನೇ ಅವರು ಮುಂದೆ ಮೆಕ್‌ಲೀನ್ ಆಸ್ಪತ್ರೆಯಲ್ಲಿ ಪರೀಕ್ಷೆಗೆ ಒಡ್ಡಿ, ಫಲಿತಾಂಶವನ್ನು 1972ರಲ್ಲಿ ಹೊರತಂದರು. ಸ್ವಂತ ಸಿದ್ಧಾಂತವನ್ನು ಹೀಗೆ ತಾವೇ ತೂಗಿನೋಡಿದವರು ಆ ಪೀಳಿಗೆಯಲ್ಲಿ ವಿರಳ.

ಬ್ರಿಟನ್, 1972: ನರ್ಸ್ ಆನಿ ಆಲ್ಟ್‌ಶುಲ್ (1919–2001) ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು 1938ರಲ್ಲಿ ಇಂಗ್ಲೆಂಡಿಗೆ ಬಂದವರು. ಎಡಿನ್‌ಬರೊದಲ್ಲಿ ಅವರು ಕೇಳಿದ ಪ್ರಶ್ನೆ ಸರಳವಾಗಿತ್ತು: ವಾರ್ಡಿನ ನರ್ಸ್‌ಗಳು ರೋಗಿಗಳೊಂದಿಗೆ ನಡೆದುಕೊಳ್ಳುವಾಗ ಯಾವ ಸಿದ್ಧಾಂತ ಅವರನ್ನು ನಡೆಸುತ್ತದೆ? ವಾರ್ಡಿನಲ್ಲೇ ಕೂತು ನೋಡಿದರು, ನರ್ಸ್‌ಗಳನ್ನೂ ರೋಗಿಗಳನ್ನೂ ಮಾತನಾಡಿಸಿದರು. 1972ರಲ್ಲಿ ಪ್ರಕಟವಾದ ಉತ್ತರ ವೃತ್ತಿಯನ್ನೇ ಅಲುಗಾಡಿಸಿತು. ಗುರುತಿಸಬಹುದಾದ ಯಾವ ಸಿದ್ಧಾಂತವೂ ಅಲ್ಲಿ ಕೆಲಸ ಮಾಡುತ್ತಿರಲಿಲ್ಲ. ಆದರೂ ಕೆಲವು ನರ್ಸ್‌ಗಳಿಂದ ತಮಗೆ ನೆರವಾಯಿತು ಎಂದು ರೋಗಿಗಳು ಹೇಳಿದ್ದರು. ಪೆಪ್ಲೌ ಪುಸ್ತಕ ಬಂದು ಇಪ್ಪತ್ತು ವರ್ಷವಾಗಿದ್ದರೂ ಆ ವಿಚಾರಗಳು ಈ ವಾರ್ಡುಗಳನ್ನು ಮುಟ್ಟಿರಲಿಲ್ಲ. ಸಂಶೋಧನೆ ನಡೆಯುವುದು ಬೇರೆ, ಅದು ಬಳಕೆಗೆ ಬರುವುದು ಬೇರೆ ಎಂಬುದು ಮೊದಲ ಬಾರಿ ಸಾಕ್ಷ್ಯದೊಂದಿಗೆ ಕಂಡದ್ದು ಇಲ್ಲಿ. ಈ ಶಾಖೆಯ ನಿಜವಾದ ತಿರುವು 1952ಕ್ಕಿಂತ ಇದೇ ಎಂದು ಹೇಳಬೇಕಾಗುತ್ತದೆ. ಅದೇ ವರ್ಷ ಬ್ರಿಟಿಷ್ ಸರ್ಕಾರದ ಬ್ರಿಗ್ಸ್ ಸಮಿತಿ, ಶುಶ್ರೂಷೆ ಸಂಶೋಧನೆಯ ತಳಹದಿಯ ಮೇಲೆ ನಿಲ್ಲಬೇಕು ಎಂದು ವರದಿ ಕೊಟ್ಟಿತು. ಲಂಡನ್ನಿನ ಮಾಡ್ಸ್‌ಲಿಯಲ್ಲಿ ಮನೋವೈದ್ಯ ಐಸಾಕ್ ಮಾರ್ಕ್ಸ್ ನರ್ಸ್‌ಗಳಿಗೆ ವರ್ತನಾ ಚಿಕಿತ್ಸೆ ಕಲಿಸತೊಡಗಿದ್ದೂ ಆ ಹೊತ್ತಿನಲ್ಲೇ. ಆಲ್ಟ್‌ಶುಲ್ 1976ರಲ್ಲಿ ಎಡಿನ್‌ಬರೊದಲ್ಲಿ ಪ್ರೊಫೆಸರ್ ಆದರು.

ಹುಡುಕುವ ದಾರಿಗಳು: ನರ್ಸ್‌ಗಳ ಬರಹ ಎಲ್ಲಿದೆ ಎಂದು ತಿಳಿಯುವುದೇ ದೀರ್ಘ ಕಾಲ ಕಷ್ಟವಾಗಿತ್ತು. ಅಮೆರಿಕದ ನರ್ಸ್ ವರ್ಜಿನಿಯಾ ಹೆಂಡರ್ಸನ್ ಅವರ ತಂಡ 1900ರಿಂದ 1959ರವರೆಗಿನ ಬರಹಗಳನ್ನು ಜರಡಿ ಹಿಡಿದು ನಾಲ್ಕು ಸಂಪುಟಗಳ ಸೂಚಿ ಮಾಡಿತು. ಇಂದು ‘ಸಿನಾಲ್’ ಎಂದು ಕರೆಯುವ ದತ್ತಾಂಶ ಕೋಶ 1961ರಲ್ಲಿ ಮುದ್ರಿತ ಸೂಚಿಯಾಗಿ ಹುಟ್ಟಿತು. 1990ರ ದಶಕದಲ್ಲಿ ಪಬ್‌ಮೆಡ್ ಉಚಿತವಾಯಿತು. 1993ರಲ್ಲಿ ಚಿಕಿತ್ಸಾ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಾಮರ್ಶಿಸುವ ಕಾಕ್ರನ್ ಸಹಯೋಗ ಸ್ಥಾಪನೆಯಾಯಿತು. 1998ರಲ್ಲಿ, ಫಲಿತಾಂಶಗಳನ್ನು ಸೋಸಿ ಕೊಡುವ ‘ಎವಿಡೆನ್ಸ್ ಬೇಸ್ಡ್ ನರ್ಸಿಂಗ್’ ಪತ್ರಿಕೆ ಶುರುವಾಯಿತು.

ಪುರಾವೆ ಎಂದರೆ ಏನು ಎಂಬ ಜಗಳವೂ ಇದೇ ದಶಕದ್ದು. ಲಂಡನ್ನಿನ ನರ್ಸಿಂಗ್ ಪ್ರೊಫೆಸರ್ ಕೆವಿನ್ ಗೂರ್ನೆ, ನರ್ಸ್‌ಗಳು ಪ್ರಯೋಗಗಳಲ್ಲಿ ಗೆದ್ದ ವಿಧಾನಗಳನ್ನೇ ಕಲಿಯಬೇಕು ಎಂದರು. ನ್ಯೂಕ್ಯಾಸಲ್‌ನ ನರ್ಸಿಂಗ್ ಪ್ರೊಫೆಸರ್ ಫಿಲ್ ಬಾರ್ಕರ್, ರೋಗಿ ತನ್ನ ಬದುಕನ್ನು ತನ್ನದೇ ಮಾತಿನಲ್ಲಿ ಹೇಳುವುದಕ್ಕೆ ಜಾಗ ಮಾಡಿಕೊಡುವುದೇ ಶುಶ್ರೂಷೆ ಎಂದರು. ಅವರ ‘ಟೈಡಲ್ ಮಾಡೆಲ್’ ಕೆನಡಾ, ನ್ಯೂಜಿಲೆಂಡ್‌ವರೆಗೆ ಹೋಯಿತು. ನಿಯಂತ್ರಿತ ಪ್ರಯೋಗಗಳ ಬೆಂಬಲ ಅದಕ್ಕೆ ಸಾಲದು ಎಂಬ ಟೀಕೆ ನಿಂತಿಲ್ಲ. ಡೇವಿಡ್ ಸ್ಯಾಕೆಟ್ ಮತ್ತು ಸಂಗಡಿಗರು 1996ರಲ್ಲಿ ಪುರಾವೆ ಆಧಾರಿತ ವೈದ್ಯಕೀಯಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿ ಪುರಾವೆಯ ಜೊತೆಗೆ ಅನುಭವಿಗಳ ವಿವೇಕವೂ ರೋಗಿಯ ಆಯ್ಕೆಯೂ ಸೇರಿದ್ದವು. ಅದನ್ನು ಎರಡೂ ಬಣದವರು ಇನ್ನಷ್ಟು ನೆನಪಿಡಬೇಕಿತ್ತು.

ಕಟ್ಟುವುದು, ಕೂಡಿಹಾಕುವುದು, ಕಾಯುವುದು: ಇತ್ತೀಚಿನ ಕಾಲು ಶತಮಾನದ ಅತ್ಯಂತ ಫಲವತ್ತಾದ ಕೆಲಸ ನಡೆದದ್ದು ಈ ವಿಷಯಗಳಲ್ಲಿ. ರೇಗಿದ ರೋಗಿಯನ್ನು ಕಟ್ಟುವುದು, ಕೋಣೆಯಲ್ಲಿ ಕೂಡಿಹಾಕುವುದು ಶತಮಾನಗಳ ರೂಢಿ. ಅದರಿಂದ ಉಪಯೋಗವಿದೆಯೇ ಎಂದು 2000ದಲ್ಲಿ ಕಾಕ್ರನ್ ಪರಾಮರ್ಶೆ ಹುಡುಕಿದಾಗ, ಲೆಕ್ಕಕ್ಕೆ ಹಿಡಿಯಬಹುದಾದ ಒಂದೇ ಒಂದು ನಿಯಂತ್ರಿತ ಅಧ್ಯಯನವೂ ಸಿಗಲಿಲ್ಲ.

ಹಿಂಸೆಯನ್ನು ಮೊದಲೇ ಗುರುತಿಸುವ ಸಾಧನ ನಾರ್ವೆಯಿಂದ ಬಂತು. ಅಲ್ಲಿನ ಬ್ರೊಸೆಟ್ ಆಸ್ಪತ್ರೆಯ ಹೆಸರಿನ ಪಟ್ಟಿಯಲ್ಲಿ ಇರುವುದು ಆರೇ ಅಂಶ: ಗೊಂದಲ, ಸಿಡುಕು, ಅಬ್ಬರ, ಬಾಯಿಮಾತಿನ ಬೆದರಿಕೆ, ಮೈಮೇಲೆ ಏರಿಬರುವಂಥ ಬೆದರಿಕೆ, ವಸ್ತುಗಳ ಮೇಲೆ ಎರಗುವುದು. ಪಾಳಿಗೊಮ್ಮೆ ನರ್ಸ್ ಪ್ರತಿಯೊಂದಕ್ಕೂ ಇದೆ ಅಥವಾ ಇಲ್ಲ ಎಂದು ಗುರುತು ಹಾಕುತ್ತಾರೆ, ಕೂಡುತ್ತಾರೆ, ನಿಮಿಷದ ಕೆಲಸ. ಮೊತ್ತ ಏರಿದರೆ ಮುಂದಿನ 24 ಗಂಟೆ ಎಚ್ಚರ ಬೇಕು. ಸ್ವಿಟ್ಜರ್ಲೆಂಡಿನ 14 ವಾರ್ಡುಗಳಲ್ಲಿ ಇದನ್ನು ಬಳಸಿ ಕ್ರಿಸ್ಟೋಫ್ ಆಬ್ಡರ್‌ಹಾಲ್ಡನ್ ತಂಡ ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಪಟ್ಟಿ ಬಳಸಿದ ಕಡೆ ತೀವ್ರ ಹಿಂಸೆಯ ಘಟನೆಗಳು 41%, ಬಲಪ್ರಯೋಗದ ಕ್ರಮಗಳು 27% ಇಳಿದಿದ್ದವು. ಅನುಭವಿ ಸಿಸ್ಟರ್ ಒಬ್ಬರು ‘ಇವತ್ತು ಇವರು ಸರಿಯಿಲ್ಲ’ ಎಂದು ಕಣ್ಣಳತೆಯಲ್ಲೇ ಹೇಳುತ್ತಿದ್ದುದನ್ನು ಮುಂದಿನ ಪಾಳಿಗೆ ಬಂದ ಹೊಸಬರೂ ಓದಬಹುದಾದ ಬರಹಕ್ಕೆ ಇಳಿಸಿದ್ದು ಈ ಪಟ್ಟಿಯ ಹೆಚ್ಚುಗಾರಿಕೆ.

ಲಂಡನ್ನಿನ ಶುಶ್ರೂಷಾ ಸಂಶೋಧಕ ಲೆನ್ ಬವರ್ಸ್ 136 ವಾರ್ಡುಗಳ ದಾಖಲೆ ಕಲೆಹಾಕಿದರು. ತನಗೆ ತಾನೇ ಗಾಯ ಮಾಡಿಕೊಳ್ಳಬಹುದಾದ ರೋಗಿಯ ಪಕ್ಕದಲ್ಲೇ ಸದಾ ಒಬ್ಬರನ್ನು ಕಾವಲು ಕೂರಿಸುವುದು ವಾಡಿಕೆ. ಆದರೆ ಅಂಥ ನಿರಂತರ ಕಾವಲಿಗೂ ಗಾಯಗಳ ಇಳಿಕೆಗೂ ಸಂಬಂಧ ಕಾಣಲಿಲ್ಲ. ಆಗಾಗ ಹೋಗಿ ನೋಡಿ ಬರುವ ರೀತಿಗೆ ಸಂಬಂಧ ಕಂಡಿತು. ಇದು ಸಹಸಂಬಂಧವೇ ಹೊರತು ಕಾರಣದ ರುಜುವಾತಲ್ಲ ಎಂಬುದನ್ನು ಉಲ್ಲೇಖಿಸುವವರು ಮರೆಯಬಾರದು. ಮುಂದೆ ಬವರ್ಸ್ ರೂಪಿಸಿದ ‘ಸೇಫ್‌ವಾರ್ಡ್ಸ್’ ಹತ್ತು ಸಣ್ಣ ಕ್ರಮಗಳ ಕಟ್ಟು: ಇಲ್ಲ ಎನ್ನಬೇಕಾದಾಗ ಮಾತು ಮೆದುವಾಗಿರಲಿ, ರೋಗಿಗೆ ಮನೆಯಿಂದ ಕೆಟ್ಟ ಸುದ್ದಿ ಬಂದರೆ ಮೊದಲು ಹೋಗಿ ಪಕ್ಕದಲ್ಲಿ ಕೂರಿ, ಪಾಳಿ ಬದಲಾಗುವಾಗ ಪ್ರತಿ ರೋಗಿಯ ಬಗ್ಗೆ ಒಂದಾದರೂ ಒಳ್ಳೆಯ ಮಾತು ಹೇಳಿ, ಬಿಡುಗಡೆಯಾಗಿ ಹೋಗುವವರು ಮುಂದಿನವರಿಗೆ ಎರಡು ಸಾಲು ಬರೆದಿಟ್ಟು ಹೋಗಲಿ. 15 ಆಸ್ಪತ್ರೆಗಳ 31 ವಾರ್ಡುಗಳಲ್ಲಿ ನಡೆದ ಪ್ರಯೋಗದ ಫಲ 2015ರಲ್ಲಿ ಬಂತು: ಘರ್ಷಣೆ 15%, ನಿರ್ಬಂಧ ಕ್ರಮಗಳು 26.4% ಕಡಿಮೆ. ಒಂದು ಗುಳಿಗೆಯನ್ನೂ ಸೇರಿಸದೆ, ಮಾತಿನ ರೀತಿ ಬದಲಿಸಿ ಪಡೆದ ಫಲ ಇದು. ಟ್ಯೂಡರ್ 1952ರಲ್ಲಿ ಒಂದು ವಾರ್ಡಿನಲ್ಲಿ ಕಂಡದ್ದಕ್ಕೆ ಅಂಕಿಗಳ ಬಲ ಸಿಕ್ಕಿತು.

ಭಾರತ ಮತ್ತು ಕರ್ನಾಟಕ: ಬೆಂಗಳೂರಿನ ಹೊಸೂರು ರಸ್ತೆಯ ಮಾನಸಿಕ ಆಸ್ಪತ್ರೆಯ ಜೊತೆಗೂಡಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಮನೋರೋಗ ಶುಶ್ರೂಷೆಯ ಡಿಪ್ಲೊಮಾ 1956ರ ಸುಮಾರಿಗೆ ಅಲ್ಲಿ ಶುರುವಾಯಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಭಾರತದ ದೊಡ್ಡ ಪ್ರಯೋಗವೊಂದು ಸಂಶೋಧನೆಯ ಹೆಸರಿಲ್ಲದೆ ನಡೆದದ್ದು. 1950ರ ದಶಕದಲ್ಲಿ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆಸ್ಪತ್ರೆಯ ಆವರಣದಲ್ಲೇ ಡೇರೆಗಳಲ್ಲಿ ಇರಿಸಿದರು. ವೆಲ್ಲೂರು, ಬೆಂಗಳೂರುಗಳಲ್ಲೂ ಕುಟುಂಬದೊಂದಿಗೆ ದಾಖಲಾಗುವ ಪದ್ಧತಿ ಬೆಳೆಯಿತು. ಹೀಗಾಗಿ ನಮ್ಮ ವಾರ್ಡಿನಲ್ಲಿ ಮಂಚದ ಪಕ್ಕ ತಾಯಿಯೋ ಅಣ್ಣನೋ ಇರುತ್ತಾರೆ, ಊಟ ಮಾಡಿಸುವವರು, ರಾತ್ರಿ ಎಚ್ಚರವಿರುವವರು ಅವರೇ. ಲಂಡನ್ನಿನ ವಾರ್ಡಿಗೆಂದು ಹೆಣೆದ ಕ್ರಮ ಇಲ್ಲಿ ಅದೇ ಫಲ ಕೊಡುತ್ತದೆ ಎಂದು ಹಾಗೆಯೇ ಒಪ್ಪಲಾಗದು, ಇಲ್ಲಿಯೇ ಪರೀಕ್ಷಿಸಬೇಕು.

ಕರ್ನಾಟಕದ ಎಂ.ಎಸ್ಸಿ. ನರ್ಸಿಂಗ್ ಪ್ರಬಂಧಗಳಲ್ಲಿ ‘ಬೋಧನಾ ಕಾರ್ಯಕ್ರಮದ ಮುಂಚೆ ಮತ್ತು ನಂತರದ ತಿಳಿವಳಿಕೆ’ ಅಳೆಯುವ ಮಾದರಿ ಬಹಳ ಸಾಮಾನ್ಯ. ಪ್ರಶ್ನಾವಳಿ ಕೊಟ್ಟು, ಪಾಠ ಮಾಡಿ, ಮತ್ತೆ ಅದೇ ಪ್ರಶ್ನಾವಳಿ ಕೊಟ್ಟರೆ ಅಂಕ ಏರುತ್ತದೆ. ರೋಗಿಯ ಸ್ಥಿತಿ ಏನಾಯಿತು ಎಂಬುದು ಅದರಿಂದ ತಿಳಿಯುವುದಿಲ್ಲ. 2010ರ ನಂತರ ನಿಮ್ಹಾನ್ಸ್‌ನ ಶುಶ್ರೂಷಾ ವಿಭಾಗದಿಂದ ರೋಗಿಗಳ ಮಾನವ ಹಕ್ಕುಗಳ ಕುರಿತು ಬಂದ ಲೇಖನಗಳು ಬೇರೆ ಜಾಡಿನವು.

ಆ ಹಕ್ಕುಗಳಿಗೆ ಈಗ ಕಾನೂನಿನ ಬಲವೂ ಇದೆ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಮಾನಸಿಕ ರೋಗಿಗಳ ಆಶ್ರಯಧಾಮವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಸತ್ತರು. ಅದಾದ ಹದಿನಾರು ವರ್ಷಕ್ಕೆ ಬಂದ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017, ಸರಪಳಿಯನ್ನು ನಿಷೇಧಿಸಿತು. ಅದರ 97ನೆಯ ಕಲಂ ಒಂಟಿಯಾಗಿ ಕೂಡಿಹಾಕುವುದನ್ನೂ ನಿಷೇಧಿಸುತ್ತದೆ. ದೈಹಿಕ ನಿರ್ಬಂಧವನ್ನು, ಕೂಡಲೇ ಆಗಬಹುದಾದ ಅಪಾಯ ತಡೆಯಲು ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ, ಮನೋವೈದ್ಯರ ಅನುಮತಿಯಿಂದ ಬಳಸಬಹುದು. ಸಿಬ್ಬಂದಿ ಸಾಲದು ಎಂಬುದು ರೋಗಿಯನ್ನು ಕಟ್ಟಿಹಾಕುವುದಕ್ಕೆ ಕಾರಣವಾಗಕೂಡದು ಎಂದು ಅದೇ ಕಲಂ ಹೇಳುತ್ತದೆ. ಹೇಗೆ ಕಟ್ಟಲಾಯಿತು, ಏಕೆ, ಎಷ್ಟು ಹೊತ್ತು ಎಂಬುದನ್ನು ರೋಗಿಯ ಕಡತದಲ್ಲಿ ಕೂಡಲೇ ಬರೆಯಬೇಕು. ಅಂಥ ಎಲ್ಲ ಘಟನೆಗಳ ವಿವರ ಪ್ರತಿ ತಿಂಗಳು ಮಾನಸಿಕ ಆರೋಗ್ಯ ಪರಾಮರ್ಶೆ ಮಂಡಳಿಗೆ ಹೋಗಬೇಕು.