ಕಾಡತೂಸಿನ ಮರುಭರ್ತಿ: ಹವ್ಯಾಸ, ಅಪಾಯ ಮತ್ತು ನಮ್ಮ ಕಾನೂನು

ಬಳಸಿದ ಕಾಡತೂಸಿಗೆ ಮತ್ತೆ ಮದ್ದು, ಗುಂಡು ತುಂಬಿ ಬಳಸುವುದು ಅಮೆರಿಕದಲ್ಲಿ ಬಹು ಜನಪ್ರಿಯವಾದ ಹವ್ಯಾಸ. ಅದರ ದೃಶ್ಯಗಳು ಮೊಬೈಲಿನಲ್ಲಿ ನಮ್ಮ ಮಕ್ಕಳ ಕಣ್ಣಿಗೂ ಬೀಳುತ್ತಿವೆ. ಕಾಸರಗೋಡು, ವಯನಾಡುಗಳ ಕಾಡಂಚಿನಲ್ಲಿ ಬೆಳೆರಕ್ಷಣೆಯ ಪರವಾನಗಿ ಕೋವಿಯಿರುವ ಮನೆಗಳಿವೆ. ಆದ್ದರಿಂದ ಈ ವಿಷಯವನ್ನು ಪೋಷಕರು ಅರಿತಿರುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಕಾಡತೂಸಿನ ರಚನೆ

ಕಾಡತೂಸಿನಲ್ಲಿ ನಾಲ್ಕು ಭಾಗಗಳು: ಹಿತ್ತಾಳೆಯ ಕೋಶ, ತಳದಲ್ಲಿ ಕಿಡಿ ಹೊತ್ತಿಸುವ ಕೇಪು, ಒಳಗಿನ ಮದ್ದು, ಬಾಯಲ್ಲಿ ಗುಂಡು. ಕುದುರೆ ಎಳೆದಾಗ ಸೂಜಿ ಕೇಪಿಗೆ ಬಡಿದು ಮದ್ದು ಹೊತ್ತಿಕೊಳ್ಳುತ್ತದೆ. ಅದರ ಅನಿಲದ ಒತ್ತಡ ಗುಂಡನ್ನು ಹೊರದೂಡುತ್ತದೆ. ಕೇಪು, ಮದ್ದು, ಗುಂಡು ಮುಗಿದುಹೋಗುತ್ತವೆ, ಕೋಶ ಉಳಿಯುತ್ತದೆ. ಕೋಶವೇ ದುಬಾರಿ ಭಾಗವಾದುದರಿಂದ ಅದನ್ನು ಮರಳಿ ಬಳಸುವ ಯೋಚನೆ ಹುಟ್ಟಿತು. ಬೆಲೆಯ ಉಳಿತಾಯ ಒಂದು ಕಾರಣವಾದರೆ, ತಮ್ಮ ರೈಫಲ್ಲಿಗೆ ಒಪ್ಪುವ ಕರಾರುವಾಕ್ಕಾದ ಹೊಡೆತ ಇನ್ನೊಂದು.

ಅಲ್ಲಿ ಹವ್ಯಾಸಿಗಳು ತೊಡಗುವ ಬಗೆ

ಅಲ್ಲಿ ಹೊಸಬರು ಮೊದಲು ಕೊಳ್ಳುವುದು ಯಂತ್ರವನ್ನಲ್ಲ, ಕೈಪಿಡಿಯನ್ನು. ಮದ್ದನ್ನು ಗ್ರೇನ್ ಎಂಬ ಅಳತೆಯಲ್ಲಿ ತೂಗುತ್ತಾರೆ. ಒಂದು ಗ್ರೇನ್ ಎಂದರೆ ಸುಮಾರು 0.065 ಗ್ರಾಂ. ಪ್ರತಿ ಗುಂಡಿಗೂ ಪ್ರತಿ ಬಗೆಯ ಮದ್ದಿಗೂ ಪರೀಕ್ಷಿಸಿದ ಮಿತಿಗಳು ಕೈಪಿಡಿಯಲ್ಲಿರುತ್ತವೆ. ಕೋಶದ ಬಿರುಕು ಪರೀಕ್ಷಿಸುವುದು, ಒತ್ತುಯಂತ್ರದಲ್ಲಿ ಅದನ್ನು ಮೂಲ ಅಳತೆಗೆ ತರುವುದು, ಬಳಿಕ ಕೇಪು, ಮದ್ದು, ಗುಂಡು ಕೂಡಿಸುವುದು ಅಲ್ಲಿನ ಕ್ರಮ. ಸ್ವಂತ ಬಳಕೆಗಾದರೆ ಅಲ್ಲಿನ ಕೇಂದ್ರ ಕಾನೂನು ಪರವಾನಗಿ ಕೇಳುವುದಿಲ್ಲ, ಮಾರಾಟಕ್ಕಾದರೆ ಕೇಳುತ್ತದೆ.

ಅನುಭವಿಗಳಿಗೂ ತಪ್ಪುವ ಕೆಲಸವಿದು. ಒಂದೇ ಕೋಶಕ್ಕೆ ಎರಡು ಬಾರಿ ಮದ್ದು ಬಿದ್ದರೆ ಕೋವಿ ಸಿಡಿಯಬಹುದು. ಮದ್ದು ಬೀಳದಿದ್ದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡು, ಮುಂದಿನ ಹೊಡೆತಕ್ಕೆ ನಳಿಗೆ ಒಡೆಯಬಹುದು. ಕರಿಮದ್ದಿನ ಜಾಗದಲ್ಲಿ ಹೊಗೆರಹಿತ ಮದ್ದು ತುಂಬಿದರೂ ಅದೇ ಗತಿ. ಸೀಸದ ಧೂಳು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿಕರ.

ಭಾರತದ ಕಾನೂನು

1959ರ ಆಯುಧ ಅಧಿನಿಯಮದ 5ನೆಯ ಕಲಮಿನಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. 2019ರ ತಿದ್ದುಪಡಿಯ ಬಳಿಕ ಈ ಅಪರಾಧಕ್ಕೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಮನೆಯಲ್ಲಿ ಕೋವಿಯ ಪರವಾನಗಿ ಇದೆಯೆಂದರೆ ತಯಾರಿಕೆಯ ಪರವಾನಗಿಯೂ ಇದ್ದಂತಲ್ಲ. ಅದು ಹೊಂದುವುದಕ್ಕೆ ಮಾತ್ರ. ನೆರೆಯ ಕೊಡಗಿನವರಿಗಿರುವ ವಿನಾಯಿತಿಯನ್ನು ನಮ್ಮ ಊರುಗಳಿಗೆ ಅನ್ವಯಿಸಿ ನೋಡುವುದೂ ತಪ್ಪು. ಅಧಿನಿಯಮದ ಪ್ರಕಾರ ಬಂದೂಕಿನ ಪರವಾನಗಿಗೆ 21 ವರ್ಷ ತುಂಬಿರಬೇಕು. ನಾವು ಆಡುವ ಭಾಷೆಗೆ ರಾಜ್ಯದ ಗಡಿ ಅಡ್ಡಬರುವುದಿಲ್ಲ, ನಿಜ. ಈ ಕಾನೂನಿಗೂ ಅಡ್ಡಬರುವುದಿಲ್ಲ. ಕೇರಳ, ತಮಿಳುನಾಡು, ಮಹಾರಾಷ್ಟ್ರ, ಆಂಧ್ರ ಎಲ್ಲೆಡೆಯೂ ಅದು ಒಂದೇ.

ಆಸಕ್ತ ಮಕ್ಕಳಿಗೆ ಸರಿಯಾದ ದಾರಿ

ಗುರಿಯ ಕಲೆ ಬೇಕೆನ್ನುವ ಮಕ್ಕಳನ್ನು ಗದರಿಸಿ ಕೂರಿಸುವುದಕ್ಕಿಂತ ಕ್ರೀಡೆಯತ್ತ ತಿರುಗಿಸುವುದು ಮೇಲು. ಏರ್ ರೈಫಲ್ ಸ್ಪರ್ಧೆಯಲ್ಲಿ ಮದ್ದೇ ಇಲ್ಲ. ಗಾಳಿಯ ಒತ್ತಡದಿಂದ 4.5 ಮಿ.ಮೀ. ಗುಂಡು 10 ಮೀಟರ್ ದೂರದ ಗುರಿಗೆ ಹೋಗುತ್ತದೆ. ನಡುವಿನ ಹತ್ತು ಅಂಕದ ಚುಕ್ಕೆ ಕೇವಲ ಅರ್ಧ ಮಿ.ಮೀ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದದ್ದು ಇದರಲ್ಲೇ. 2024ರಲ್ಲಿ ಪ್ಯಾರಿಸ್ಸಿನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ನಮ್ಮ ಗಡಿಗೆ ತಾಗಿದ ಕೊಲ್ಹಾಪುರ ಜಿಲ್ಲೆಯವರು. ಅವರ 50 ಮೀಟರ್ ಸ್ಪರ್ಧೆಯ .22 ಕಾಡತೂಸಿನಲ್ಲಿ ಕಿಡಿಯ ಮದ್ದು ಕೋಶದ ಅಂಚಿನೊಳಗೇ ಇರುವುದರಿಂದ ಅದನ್ನು ಮರುಭರ್ತಿ ಮಾಡುವ ರೂಢಿಯೇ ಇಲ್ಲ. ಒಲಿಂಪಿಕ್ ಪದಕಕ್ಕೂ ಮರುಭರ್ತಿ ಬೇಕಾಗಲಿಲ್ಲವೆಂಬುದನ್ನು ಮಕ್ಕಳಿಗೆ ತಿಳಿಸೋಣ. ಎನ್‌ಸಿಸಿ ಘಟಕವಿರುವ ಶಾಲೆಗಳಲ್ಲಿ ಮೇಲ್ವಿಚಾರಣೆಯಡಿ ಗುರಿ ಅಭ್ಯಾಸದ ಅವಕಾಶವೂ ಉಂಟು.

ಪೋಷಕರ ಗಮನಕ್ಕೆ

ಪರವಾನಗಿ ಕೋವಿಯನ್ನೂ ಕಾಡತೂಸುಗಳನ್ನೂ ಬೇರೆಬೇರೆ ಕಡೆ ಬೀಗ ಹಾಕಿ ಇಡಿರಿ. ತೋಟದಲ್ಲೋ ಕಾಡಂಚಿನಲ್ಲೋ ಕಾಡತೂಸು ಸಿಕ್ಕರೆ ಮುಟ್ಟದೆ, ಬಡಿಯದೆ, ಬೆಂಕಿಗೆ ಹಾಕದೆ ಹಿರಿಯರಿಗೆ ತಿಳಿಸಲು ಮಕ್ಕಳಿಗೆ ಹೇಳಿಕೊಡಿರಿ; ಹಿರಿಯರು ಪೊಲೀಸರಿಗೆ ತಿಳಿಸಲಿ. ಖಾಲಿಯೆಂದು ಕಂಡದ್ದರಲ್ಲಿ ಕೇಪು ಉಳಿದಿರಬಹುದು. ಅದನ್ನು ಬಡಿದು ನೋಡುವ ಕುತೂಹಲಕ್ಕೆ ಮಗುವಿನ ಬೆರಳು, ಕಣ್ಣು ಬೆಲೆಯಾಗದಿರಲಿ.