ಹೊಳೆಬಾಗಿಲ ಮರ್ಯಾದೆ

ಸಾಗರ ತಾಲೂಕಿನಲ್ಲಿ, ಶರಾವತಿ ಹಿನ್ನೀರಿನ ದಂಡೆಯಲ್ಲಿ, ಸಿಗಂದೂರಿಗೆ ಹೋಗುವವರು ಲಾಂಚ್ ಹತ್ತುತ್ತಿದ್ದ ಜಾಗದ ಹೆಸರು ಹೊಳೆಬಾಗಿಲು. ನಾವೀಗ ಅನ್ನ ಹುಡುಕಿಕೊಂಡು ಬಂದಿರುವ ಈ ಸೀಮೆಯ ಸೂರತ್ತಿಗೂ ಮೊಗಲರ ಕಾಲದಲ್ಲಿ ಬಾಗಿಲೆಂಬ ಬಿರುದೇ ಇತ್ತು. ಹಜ್ ಯಾತ್ರಿಕರ ಹಡಗುಗಳು ಇಲ್ಲಿಂದ ಹೊರಡುತ್ತಿದ್ದುದರಿಂದ ಅದು ‘ಮೆಕ್ಕಾದ ಬಾಗಿಲು’. ಬಾಗಿಲೆಂದ ಮೇಲೆ ಅದಕ್ಕೊಂದು ಮರ್ಯಾದೆ ಇರುತ್ತದೆ. ಅಡ್ಡ ನಿಲ್ಲಬಾರದು, ನುಗ್ಗಬಾರದು, ಹೊರಬರುವವರಿಗೆ ಮೊದಲು ದಾರಿ ಬಿಡಬೇಕು. ದೋಣಿ ಹತ್ತುವ ರೇವಿನಲ್ಲಿ ಈ ಮರ್ಯಾದೆಗೆ ನಮ್ಮ ನಾಡಿನಲ್ಲಿ ಬಹಳ ಹಳೆಯ ಚರಿತ್ರೆಯಿದೆ.

ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾವಧ್ಯಕ್ಷನೆಂಬ ಅಧಿಕಾರಿಗೇ ಒಂದು ಅಧ್ಯಾಯ ಮೀಸಲಿದೆ. ಹೊತ್ತಲ್ಲದ ಹೊತ್ತಿನಲ್ಲಿ, ರೇವಲ್ಲದ ಕಡೆ ಹೊಳೆ ದಾಟಿದವರಿಗೆ ದಂಡ. ಮೀನುಗಾರರಿಗೆ, ಸೌದೆ ಹುಲ್ಲು ಹೊರುವವರಿಗೆ, ತೋಟಿಗರಿಗೆ, ದನ ಕಾಯುವವರಿಗೆ ಈ ದಂಡವಿಲ್ಲ, ಏಕೆಂದರೆ ಹೊಳೆ ಅವರ ದಿನದ ದಾರಿ. ಮಕ್ಕಳು, ಮುದುಕರು, ರೋಗಿಗಳು, ಗರ್ಭಿಣಿಯರು ಹಣ ಕೊಡದೆ ದಾಟಬಹುದು. ಬಿರುಗಾಳಿಗೆ ಸಿಕ್ಕಿ ಬಂದ ಹಡಗನ್ನು ಅಧಿಕಾರಿ ತಂದೆಯಂತೆ ಆದರಿಸಬೇಕು, ನೀರು ತಾಗಿದ ಸರಕಿಗೆ ಸುಂಕ ಬಿಡಬೇಕು ಇಲ್ಲವೇ ಅರ್ಧ ಮಾಡಬೇಕು. ಕೊನೆಗೊಂದು ಖಡಾಖಂಡಿತ ಮಾತು: ಆಳು ಸಾಲದೆ, ಸಲಕರಣೆಯಿಲ್ಲದೆ, ದುರಸ್ತಿಯಿಲ್ಲದೆ ದೋಣಿ ಮುಳುಗಿದರೆ ನಷ್ಟ ತುಂಬಿಕೊಡಬೇಕಾದವನು ನಾವಧ್ಯಕ್ಷ. ಮನುಸ್ಮೃತಿಯೂ ಅಂಬಿಗರ ತಪ್ಪಿನಿಂದ ಸರಕು ಹಾಳಾದರೆ ಅಂಬಿಗರೇ ಸೇರಿ ತುಂಬಬೇಕೆನ್ನುತ್ತದೆ. ಯಾರು ಮೊದಲು, ಎಷ್ಟು ಜನ, ತಪ್ಪಿದರೆ ಹೊಣೆ ಯಾರದು? ರೇವಿನ ಶಿಷ್ಟಾಚಾರವೆಲ್ಲ ಈ ಮೂರು ಪ್ರಶ್ನೆಗಳ ಸುತ್ತಲೇ ಇದೆ.

ನಮ್ಮ ತುಂಗಭದ್ರೆಯಲ್ಲಿ ಈ ಪ್ರಶ್ನೆಗಳನ್ನು ಹರಿಗೋಲೇ ಬಗೆಹರಿಸುತ್ತಿತ್ತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯಸ್, ಆನೆಗೊಂದಿಯ ಕಡೆಗೆ ಜನ ದಾಟುತ್ತಿದ್ದ ಬುಟ್ಟಿಯಂಥ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಸುತ್ತಿದ್ದವು. ಹರಿಗೋಲಿಗೆ ಮುಂದಿಲ್ಲ ಹಿಂದಿಲ್ಲ, ಆದ್ದರಿಂದ ಮುಂದಿನ ಸೀಟಿನ ಜಗಳವೂ ಇಲ್ಲ. ಒಬ್ಬ ಅಂಚಿಗೆ ವಾಲಿದರೆ ಎಲ್ಲರಿಗೂ ನೀರು. ಅಲ್ಲಿ ಸಾಹುಕಾರನೂ ಕೂಲಿಯವನೂ ಅಂಬಿಗ ತೋರಿಸಿದ ಕಡೆ ಕೂರಲೇಬೇಕು. ಹನ್ನೆರಡನೆಯ ಶತಮಾನದ ಶರಣರಲ್ಲಿ ಅತ್ಯಂತ ನಿಷ್ಠುರವಾಗಿ ಮಾತಾಡಿದ ಚೌಡಯ್ಯ ಅಂಬಿಗನಾಗಿದ್ದುದು ಕಾಕತಾಳೀಯವಲ್ಲ ಎನಿಸುತ್ತದೆ.

ಸೂರತ್ತಿನ ರೇವಿನ ಕತೆ ಬೇರೆ. ತಾಪಿಯ ಬಾಯಿಯಲ್ಲಿ ಹೂಳು, ಮರಳುದಿಬ್ಬ. ದೊಡ್ಡ ಹಡಗುಗಳು ಸುವಾಲಿಯಲ್ಲಿ ಲಂಗರು ಹಾಕುತ್ತಿದ್ದವು. ಅಲ್ಲಿಂದ ಸರಕೂ ಜನವೂ ಚಿಕ್ಕ ದೋಣಿಗಳಲ್ಲಿ ಊರಿನ ಸುಂಕದ ಕಟ್ಟೆ ‘ಫುರ್ಜಾ’ಕ್ಕೆ ಬರಬೇಕು. 1666ರಲ್ಲಿ ಬಂದ ಫ್ರೆಂಚ್ ಯಾತ್ರಿಕ ಥೆವೆನೋ, ಮುಂಡಾಸು ನಡುಪಟ್ಟಿಗಳನ್ನೂ ಬಿಡದೆ ತಡಕುತ್ತಿದ್ದ ತಪಾಸಣೆಯನ್ನು ಬರೆದಿಟ್ಟಿದ್ದಾನೆ. ಇಲ್ಲಿ ಮರ್ಯಾದೆ ಹೇಳುತ್ತಿದ್ದವನು ಅಂಬಿಗನಲ್ಲ, ಸುಂಕದವನು. ಆದರೆ ಊರವರಿಗೆ ತಾಪಿಯ ಮೆಟ್ಟಿಲುಗಳಾದ ‘ಓವಾರಾ’ಗಳು ಬೇರೆಯೇ ಇದ್ದವು. ನಾನಪುರದ ‘ನಾವ್ಡೀ ಓವಾರಾ’ ಇಂದಿಗೂ ದೋಣಿಯ ಹೆಸರನ್ನೇ ಹೊತ್ತಿದೆ.

ಈ ಎರಡೂ ಲೋಕಗಳನ್ನು ಒಂದೇ ವರ್ಷದಲ್ಲಿ ಕಂಡವನು ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ. 1623ರಲ್ಲಿ ಸೂರತ್ತಿನಲ್ಲಿಳಿದು ಅಹಮದಾಬಾದು ನೋಡಿದ ಆತ, ಅದೇ ವರ್ಷ ಹೊನ್ನಾವರದಿಂದ ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋದ. ಮುಂದೆ ಬ್ರಿಟಿಷರ ಕಾಲದಲ್ಲಿ ಸೂರತ್ತು, ಅಹಮದಾಬಾದು, ಬೆಳಗಾವಿ, ಧಾರವಾಡ, ಕಾರವಾರಗಳೆಲ್ಲ ಒಂದೇ ಮುಂಬಯಿ ಪ್ರಾಂತ್ಯಕ್ಕೆ ಸೇರಿ, 1868ರ ಒಂದೇ ಫೆರಿ ಕಾಯ್ದೆಯಡಿ ಬಂದವು.

ಮತ್ತೆ ಹೊಳೆಬಾಗಿಲಿಗೆ ಬರೋಣ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆ ಮುಳುಗಿದಾಗ ತುಮರಿಯ ಕಡೆಯ ಊರುಗಳು ನೀರಿನಾಚೆ ಉಳಿದವು. ನಾಡಿಗೆಲ್ಲ ಕರೆಂಟು ಹೋಯಿತು. ಅವರಿಗೆ ಸಾಗರ ಪೇಟೆ, ಆಸ್ಪತ್ರೆ, ಕಾಲೇಜಿಗೆಲ್ಲ ಲಾಂಚೇ ಗತಿಯಾಯಿತು. ಸಿಗಂದೂರಿನ ಖ್ಯಾತಿ ಹಬ್ಬಿದಂತೆ ರಜೆಯ ದಿನಗಳಲ್ಲಿ ದಡದುದ್ದಕ್ಕೂ ಬೆಂಗಳೂರಿನ ಕಾರುಗಳ ಸಾಲು. ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಕಾಯಿಲೆ ಬಿದ್ದವರ ಪಾಡು ದೇವರಿಗೇ ಗೊತ್ತು. ಬೇಸಿಗೆಯಲ್ಲಿ ನೀರಿಳಿದಾಗ ವಾಹನ ಸಾಗಿಸುವುದನ್ನೇ ನಿಲ್ಲಿಸಬೇಕಾಗುತ್ತಿತ್ತು. ‘ನಾವು ಮೊದಲು ಬಂದವರು’ ಎಂದು ಯಾತ್ರಿಕರು, ‘ನಾವು ದಿನಾ ಬರುವವರು’ ಎಂದು ಊರವರು. ಇಬ್ಬರದೂ ಸುಳ್ಳಲ್ಲ. ಆದರೆ ದೇವರ ದರ್ಶನ ಒಂದು ಗಂಟೆ ತಡವಾದರೆ ಕೆಡುವುದೇನಿಲ್ಲ, ಜ್ವರದ ಮಗು ಕಾಯಲಾರದು. ಕೌಟಿಲ್ಯ ಸೌದೆ ಹೊರುವವನನ್ನೂ ರೋಗಿಯನ್ನೂ ಬೇರೆಯಾಗಿ ಎಣಿಸಿದ್ದು ಇದಕ್ಕೇ. ಸರದಿ ನ್ಯಾಯ ನಿಜ, ಆದರೆ ಸರದಿಯೊಂದೇ ನ್ಯಾಯವಲ್ಲ. 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು. ಆರು ದಶಕಗಳ ಕಾಯುವಿಕೆ ಮುಗಿಯಿತು.

ಸರದಿ ತಪ್ಪಿದರೆ ಜಗಳವಾದೀತು, ಎಣಿಕೆ ತಪ್ಪಿದರೆ ಜೀವವೇ ಹೋಗುತ್ತದೆ. ವಡೋದರದ ಸೂರಸಾಗರ ಕೆರೆಯಲ್ಲಿ 1993ರ ಆಗಸ್ಟಿನಲ್ಲಿ ದೋಣಿ ಮಗುಚಿ 22 ಜನ ಸತ್ತರು. ಅದೇ ಊರಿನ ಹರ್ಣಿ ಕೆರೆಯಲ್ಲಿ 2024ರ ಜನವರಿ 18ರಂದು ಶಾಲೆಯಿಂದ ವಿಹಾರಕ್ಕೆ ಬಂದಿದ್ದ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಮುಳುಗಿಹೋದರು. ದೋಣಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನರಿದ್ದರು, ಜೀವರಕ್ಷಕ ಅಂಗಿ ಎಲ್ಲರಿಗೂ ಇರಲಿಲ್ಲ. ಹೈಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಹೊಣೆ ಯಾರದೆಂಬ ಕೌಟಿಲ್ಯನ ಹಳೆಯ ಪ್ರಶ್ನೆಯೇ ಅಲ್ಲಿಯೂ ಎದ್ದಿತು. ಮೂವತ್ತು ವರ್ಷಗಳ ಅಂತರದಲ್ಲಿ ಒಂದೇ ಊರು ಒಂದೇ ಪಾಠವನ್ನು ಎರಡು ಸಲ ಕಲಿಯಬೇಕಾಯಿತು.

ನಮ್ಮಲ್ಲಿ ಹಲವರು ಈಗ ಹಜೀರಾದಿಂದ ಘೋಘಾಕ್ಕೆ ಕಾರಿನ ಸಮೇತ ಹಡಗು ಹತ್ತುತ್ತೇವೆ. 2020ರ ನವೆಂಬರಿನಲ್ಲಿ ಶುರುವಾದ ಈ ಸೇವೆ ರಸ್ತೆಯ 370 ಕಿಲೋಮೀಟರನ್ನು ಸಮುದ್ರದ 90ಕ್ಕೆ ಇಳಿಸಿದೆ. ವಾರಾಂತ್ಯದಲ್ಲಿ ಮಕ್ಕಳನ್ನು ಕೆರೆಗೆ, ಸಾಬರಮತಿ ದಂಡೆಗೆ ಕರೆದೊಯ್ಯುತ್ತೇವೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ನಮ್ಮದೇ. ದಾಟಿದ ಮೇಲಿನ ಮಾತು ಹಾಗಿರಲಿ, ದಾಟುವ ಮೊದಲು ಅವನ ಹಂಗಿನಲ್ಲಿರುವುದೇ ಕ್ಷೇಮ. ಅವನು ‘ಇನ್ನು ಸಾಕು, ಮುಂದಿನ ದೋಣಿಗೆ ಬನ್ನಿ’ ಎಂದರೆ ಇನ್ನೊಬ್ಬರಿಗೆ ಜಾಗ ಮಾಡಿ ಎಂದು ಗೋಗರೆಯಬಾರದು. ಅವನೇ ಹೆಚ್ಚು ಜನ ತುಂಬಿಸುತ್ತಿದ್ದರೆ, ಕೊಟ್ಟ ಟಿಕೆಟ್ಟಿನ ಮುಖ ನೋಡದೆ ಮಕ್ಕಳನ್ನು ಕೆಳಗಿಳಿಸಿಕೊಳ್ಳಬೇಕು.