ಬೆಳೆ ರೋಗಕಾರಕ ಶಿಲೀಂಧ್ರಗಳ ಜೀವರಾಸಾಯನಿಕ ಕ್ರಿಯೆಗಳ ಮೇಲೆ ಸಸ್ಯಸಾರ ಹಾಗೂ ಶಿಲೀಂಧ್ರನಾಶಕಗಳ ಪ್ರಭಾವ

ಪೀಠಿಕೆ

ಮಂಡ್ಯ ಜಿಲ್ಲೆಯ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟು ಪ್ರದೇಶದಲ್ಲಿ ಭತ್ತ, ಕಬ್ಬು ಮತ್ತು ರಾಗಿ ಪ್ರಮುಖ ಬೆಳೆಗಳಾಗಿವೆ. ಮಂಡ್ಯ ಮತ್ತು ಶ್ರೀರಂಗಪಟ್ಟಣ ನಡುವಿನ ಯಲಿಯೂರು ಸೇರಿದಂತೆ ಈ ಭಾಗದ ರೈತರಿಗೆ ಭತ್ತ ಹಾಗೂ ರಾಗಿಯ ಬೆಂಕಿ ರೋಗ ಮತ್ತು ಕಬ್ಬಿನ ಕೆಂಪು ಕೊಳೆ ರೋಗ ಪರಿಚಿತವಾದವು. ಇವೆಲ್ಲವೂ ಶಿಲೀಂಧ್ರಗಳಿಂದ ಬರುವ ರೋಗಗಳು. ಔಷಧಿಯು ಶಿಲೀಂಧ್ರದ ಯಾವ ಕ್ರಿಯೆಯನ್ನು ತಡೆಯುತ್ತದೆ ಎಂಬುದನ್ನು ಅರಿತಲ್ಲಿ, ಅದನ್ನು ಯಾವಾಗ ಸಿಂಪಡಿಸಬೇಕು ಮತ್ತು ಯಾವಾಗ ಸಿಂಪಡಿಸಿಯೂ ಪ್ರಯೋಜನವಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಹಿನ್ನೆಲೆ

ಕರ್ನಾಟಕದಲ್ಲಿ ಸಸ್ಯರೋಗಗಳ ವೈಜ್ಞಾನಿಕ ಅಧ್ಯಯನವು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಕೆನಡಾದ ವಿಜ್ಞಾನಿ ಡಾ. ಲೆಸ್ಲಿ ಕೋಲ್‌ಮನ್ ಅವರಿಂದ ನೆಲೆಗೊಂಡಿತು. ಅಡಿಕೆಯ ಕೊಳೆರೋಗಕ್ಕೆ ಮಳೆಗಾಲಕ್ಕೆ ಮುನ್ನವೇ ಬೋರ್ಡೋ ದ್ರಾವಣ ಸಿಂಪಡಿಸುವ ಪದ್ಧತಿಯನ್ನು ಅವರು ಪ್ರಚುರಪಡಿಸಿದರು. ಈ ದ್ರಾವಣದಲ್ಲಿನ ತಾಮ್ರದ ಅಯಾನುಗಳು ಕಿಣ್ವಗಳಲ್ಲಿರುವ ಗಂಧಕಯುಕ್ತ ಗುಂಪುಗಳಿಗೆ ಅಂಟಿಕೊಂಡು ಅವುಗಳನ್ನು ನಿಷ್ಕ್ರಿಯಗೊಳಿಸುತ್ತವೆ. ಒಂದೇ ಬಾರಿಗೆ ಅನೇಕ ಕಿಣ್ವಗಳು ಹಾನಿಗೊಳಗಾಗುವುದರಿಂದ, ನೂರು ವರ್ಷಗಳ ಬಳಕೆಯ ನಂತರವೂ ಇದರ ಪರಿಣಾಮ ಉಳಿದುಕೊಂಡಿದೆ.

ಬೆಂಕಿ ರೋಗದ ಶಿಲೀಂಧ್ರ ಮತ್ತು ಮೆಲನಿನ್

ಭತ್ತದ ಬೆಂಕಿ ರೋಗವು ಪೈರಿಕುಲೇರಿಯ ಒರೈಜೆ ಎಂಬ ಶಿಲೀಂಧ್ರದಿಂದ ಉಂಟಾಗುತ್ತದೆ. ಇದರ ಬೀಜಕಣವು ಇಬ್ಬನಿಯಿಂದ ತೇವಗೊಂಡ ಎಲೆಯ ಮೇಲೆ ಮೊಳೆತು, ತುದಿಯಲ್ಲಿ ಗುಮ್ಮಟದಾಕಾರದ ಅಂಟುಕೋಶವನ್ನು ರಚಿಸಿಕೊಳ್ಳುತ್ತದೆ. ಈ ಕೋಶದ ಭಿತ್ತಿಯಲ್ಲಿ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ಪದರವಾಗಿ ಕೂಡುತ್ತದೆ. ಒಳಗೆ ಸಂಗ್ರಹವಾದ ಗ್ಲಿಸರಾಲ್ ಹೊರಹೋಗದಂತೆ ಈ ಪದರವು ತಡೆಯುವುದರಿಂದ ನೀರು ಒಳಸೇರಿ, ಒತ್ತಡವು ವಾತಾವರಣದ ಒತ್ತಡದ ಸುಮಾರು 80 ಪಟ್ಟಿನವರೆಗೆ ಏರುತ್ತದೆ. ಈ ಬಲದಿಂದಲೇ ಶಿಲೀಂಧ್ರವು ಎಲೆಯ ಮೇಲ್ಪದರವನ್ನು ಭೇದಿಸುತ್ತದೆ.

ಟ್ರೈಸೈಕ್ಲಜೋಲ್ ಔಷಧಿಯು ಮೆಲನಿನ್ ತಯಾರಿಸುವ ಒಂದು ಕಿಣ್ವವನ್ನು ತಡೆಯುತ್ತದೆ. ಮೆಲನಿನ್ ಇಲ್ಲದ ಅಂಟುಕೋಶದಲ್ಲಿ ಒತ್ತಡ ನಿಲ್ಲದೆ ಶಿಲೀಂಧ್ರವು ಎಲೆಯ ಹೊರಗೇ ಉಳಿಯುತ್ತದೆ. ಆದ್ದರಿಂದ ಇದು ಮುಖ್ಯವಾಗಿ ರೋಗ ಬಾರದಂತೆ ತಡೆಯುವ ಔಷಧಿ. ತೆನೆಯ ಕುತ್ತಿಗೆಯೊಳಗೆ ಶಿಲೀಂಧ್ರ ಸೇರಿ ಕಾಳು ಜೊಳ್ಳಾದ ಮೇಲೆ ಸಿಂಪಡಿಸಿದಲ್ಲಿ ಖರ್ಚು ಮಾತ್ರ ಉಳಿಯುತ್ತದೆ.

ಇತರ ಶಿಲೀಂಧ್ರನಾಶಕಗಳ ಕಾರ್ಯವಿಧಾನ

1. ಕಾರ್ಬೆಂಡಜಿಮ್: ಕೋಶ ವಿಭಜನೆಗೆ ಬೇಕಾದ ಟ್ಯೂಬ್ಯುಲಿನ್ ಪ್ರೋಟೀನಿಗೆ ಅಂಟಿಕೊಂಡು ವಿಭಜನೆಯನ್ನು ನಿಲ್ಲಿಸುತ್ತದೆ.

2. ಹೆಕ್ಸಕೊನಜೋಲ್, ಪ್ರೊಪಿಕೊನಜೋಲ್: ಕೋಶಪೊರೆಗೆ ಅಗತ್ಯವಾದ ಅರ್ಗೋಸ್ಟೆರಾಲ್ ತಯಾರಿಕೆಯನ್ನು ತಡೆಯುತ್ತವೆ.

3. ಅಜಾಕ್ಸಿಸ್ಟ್ರೋಬಿನ್: ಉಸಿರಾಟದ ಸರಪಳಿಯನ್ನು ಕಡಿದು ಶಕ್ತಿಯ ಉತ್ಪಾದನೆಯನ್ನು ಕುಂಠಿತಗೊಳಿಸುತ್ತದೆ.

4. ಮ್ಯಾಂಕೋಜೆಬ್: ತಾಮ್ರದಂತೆಯೇ ಹಲವು ಕಿಣ್ವಗಳ ಮೇಲೆ ಏಕಕಾಲಕ್ಕೆ ವರ್ತಿಸುತ್ತದೆ.

ಮೊದಲ ಮೂರು ವರ್ಗಗಳು ತಲಾ ಒಂದೇ ಗುರಿಯನ್ನು ಅವಲಂಬಿಸಿವೆ. ಗುರಿಯಾದ ಪ್ರೋಟೀನಿನ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಔಷಧಿ ನಿಷ್ಫಲವಾಗಬಹುದು. ಕಾರ್ಬೆಂಡಜಿಮ್‌ಗೆ ಟ್ಯೂಬ್ಯುಲಿನ್‌ನ 198ನೇ ಸ್ಥಾನದಲ್ಲಿ ಹಾಗೂ ಅಜಾಕ್ಸಿಸ್ಟ್ರೋಬಿನ್ ವರ್ಗಕ್ಕೆ ಸೈಟೋಕ್ರೋಮ್ ಬಿ ಪ್ರೋಟೀನಿನ 143ನೇ ಸ್ಥಾನದಲ್ಲಿ ಆಗುವ ಬದಲಾವಣೆಗಳು ಹಲವು ಶಿಲೀಂಧ್ರಗಳಲ್ಲಿ ದಾಖಲಾಗಿವೆ. ಒಂದೇ ಔಷಧಿಯನ್ನು ಪದೇ ಪದೇ ಬಳಸಿದಲ್ಲಿ ಇಂತಹ ನಿರೋಧಕ ತಳಿಗಳೇ ಉಳಿದು ವೃದ್ಧಿಯಾಗುತ್ತವೆ.

ಕೊಳೆರೋಗದ ಫೈಟಾಫ್ತೊರ ನಿಜವಾದ ಶಿಲೀಂಧ್ರವಲ್ಲ. ಅದರ ಕೋಶಭಿತ್ತಿ ಮುಖ್ಯವಾಗಿ ಸೆಲ್ಯುಲೋಸ್ ಹಾಗೂ ಗ್ಲುಕಾನ್‌ಗಳಿಂದ ಕೂಡಿದ್ದು, ಅದು ಅರ್ಗೋಸ್ಟೆರಾಲ್ ಅನ್ನು ತಾನಾಗಿ ತಯಾರಿಸುವುದಿಲ್ಲ. ಆದಕಾರಣ ಭತ್ತಕ್ಕೆ ಒಗ್ಗುವ ಹೆಕ್ಸಕೊನಜೋಲ್ ಅಡಿಕೆಯ ಕೊಳೆರೋಗಕ್ಕೆ ಒಗ್ಗುವುದಿಲ್ಲ.

ಸಸ್ಯಸಾರಗಳ ಪ್ರಭಾವ

ಬೆಳ್ಳುಳ್ಳಿಯನ್ನು ಜಜ್ಜಿದಾಗ ಅದರಲ್ಲಿರುವ ಅಲಿನೇಸ್ ಕಿಣ್ವದ ಕ್ರಿಯೆಯಿಂದ ಅಲಿಸಿನ್ ಉತ್ಪತ್ತಿಯಾಗುತ್ತದೆ. ಇದು ಶಿಲೀಂಧ್ರದ ಕಿಣ್ವಗಳ ಗಂಧಕಯುಕ್ತ ಗುಂಪುಗಳೊಡನೆ ವರ್ತಿಸುತ್ತದೆ. ಇಡಿಯಾಗಿ ಬೇಯಿಸಿದ ಬೆಳ್ಳುಳ್ಳಿಯಲ್ಲಿ ಆ ಕಿಣ್ವವೇ ನಾಶವಾಗುವುದರಿಂದ ಕುದಿಸಿ ತಯಾರಿಸಿದ ಕಷಾಯಕ್ಕೆ ಈ ಗುಣ ಇರುವುದಿಲ್ಲ. ತುಳಸಿ ಮತ್ತು ಲವಂಗದಲ್ಲಿರುವ ಯೂಜೆನಾಲ್ ಕೋಶಪೊರೆಯನ್ನು ಸಡಿಲಗೊಳಿಸಿ ಒಳಗಿನ ಸಕ್ಕರೆ, ಲವಣಾಂಶಗಳು ಸೋರುವಂತೆ ಮಾಡುತ್ತದೆ. ಬೇವಿನ ಅಜಾಡಿರಾಕ್ಟಿನ್ ಮುಖ್ಯವಾಗಿ ಕೀಟಗಳ ಮೇಲೆ ವರ್ತಿಸುವ ವಸ್ತು. ಅದು ಬಿಸಿಲಿನಲ್ಲಿ ಬೇಗನೆ ವಿಘಟನೆ ಹೊಂದುವುದರಿಂದ ಬೇವಿನ ಕಷಾಯವನ್ನು ಸಂಜೆ ವೇಳೆ ಸಿಂಪಡಿಸುವುದು ಸೂಕ್ತ. ಕೆಲವು ಸಸ್ಯಸಾರಗಳು ಬೆಳೆಯಲ್ಲೇ ಪೆರಾಕ್ಸಿಡೇಸ್, ಪಾಲಿಫೀನಾಲ್ ಆಕ್ಸಿಡೇಸ್ ಮುಂತಾದ ರಕ್ಷಣಾ ಕಿಣ್ವಗಳನ್ನು ಹೆಚ್ಚಿಸುತ್ತವೆ.

ಪ್ರಯೋಗಾಲಯ ಮತ್ತು ಗದ್ದೆ

ಔಷಧಿಯನ್ನು ಬೆರೆಸಿದ ಆಹಾರ ಮಾಧ್ಯಮದಲ್ಲಿ ಶಿಲೀಂಧ್ರವನ್ನು ಬೆಳೆಸಿ, ಬೆಳವಣಿಗೆಯ ಇಳಿಕೆಯನ್ನು ಅಳೆಯುವುದು ಸಾಮಾನ್ಯ ವಿಧಾನ. ಜೊತೆಗೆ ತಂತುಜಾಲದಲ್ಲಿನ ಪ್ರೋಟೀನ್, ಸಕ್ಕರೆಗಳ ಪ್ರಮಾಣವನ್ನು ಪರೀಕ್ಷಿಸಲಾಗುತ್ತದೆ. ತಂತುಜಾಲದಲ್ಲಿ ಸಕ್ಕರೆ ಇಳಿದು ಸುತ್ತಲಿನ ದ್ರವದಲ್ಲಿ ಏರಿದಲ್ಲಿ ಕೋಶಪೊರೆಗೆ ಹಾನಿಯಾಗಿರುವ ಸೂಚನೆ ದೊರೆಯುತ್ತದೆ.

ಈ ಫಲಿತಾಂಶಗಳನ್ನು ನೇರವಾಗಿ ಗದ್ದೆಗೆ ಅನ್ವಯಿಸಲಾಗದು. ಟ್ರೈಸೈಕ್ಲಜೋಲ್ ಬೆರೆಸಿದ ಮಾಧ್ಯಮದಲ್ಲಿ ಬೆಂಕಿ ರೋಗದ ಶಿಲೀಂಧ್ರ ಬಣ್ಣ ಕಳೆದುಕೊಂಡರೂ ಬೆಳೆಯುತ್ತಲೇ ಇರುತ್ತದೆ. ಆದರೆ ಗದ್ದೆಯಲ್ಲಿ ಔಷಧಿ ಫಲಕಾರಿ. ಇದಕ್ಕೆ ವ್ಯತಿರಿಕ್ತವಾಗಿ, ಗಾಜಿನ ತಟ್ಟೆಯಲ್ಲಿ ಪ್ರಬಲವೆನಿಸಿದ ಸಸ್ಯಸಾರವು ಗದ್ದೆಯ ಬಿಸಿಲು, ಮಳೆಗೆ ಸಿಲುಕಿ ಬೇಗ ಶಕ್ತಿಗುಂದಬಹುದು. ಕಬ್ಬಿನ ಕೆಂಪು ಕೊಳೆ ರೋಗದಲ್ಲಿ ಶಿಲೀಂಧ್ರವು ಜಲ್ಲೆಯ ಒಳಗಿರುವುದರಿಂದ ಎಲೆಯ ಮೇಲಿನ ಸಿಂಪರಣೆ ಅದನ್ನು ತಲುಪುವುದಿಲ್ಲ. ಅಲ್ಲಿ ಆರೋಗ್ಯವಂತ ಬಿತ್ತನೆ ತುಂಡು, ನಿರೋಧಕ ತಳಿ ಮತ್ತು ರೋಗಪೀಡಿತ ತಾಕಿನಲ್ಲಿ ಕೂಳೆ ಬೆಳೆ ಬಿಡದಿರುವುದೇ ಮುಖ್ಯ ಕ್ರಮ.

ರೈತರು ಗಮನಿಸಬೇಕಾದ ಅಂಶಗಳು

• ಸಾರಜನಕ ಗೊಬ್ಬರವನ್ನು ಶಿಫಾರಸ್ಸಿಗಿಂತ ಹೆಚ್ಚು ನೀಡಬಾರದು. ಹೆಚ್ಚಾದಲ್ಲಿ ಎಲೆಗಳು ಮೃದುವಾಗಿ ಬೆಂಕಿ ರೋಗಕ್ಕೆ ಬೇಗ ತುತ್ತಾಗುತ್ತವೆ.

• ಬೆಂಕಿ ರೋಗಕ್ಕೆ ಟ್ರೈಸೈಕ್ಲಜೋಲ್ ಶೇ. 75ರ ಪುಡಿಯನ್ನು ಪ್ರತಿ ಲೀಟರ್ ನೀರಿಗೆ 0.6 ಗ್ರಾಂನಂತೆ ಬೆರೆಸಿ, ರೋಗದ ಆರಂಭದಲ್ಲೇ ಸಿಂಪಡಿಸಬೇಕು.

• ಬೇರೆ ಬೇರೆ ಕಾರ್ಯವಿಧಾನದ ಔಷಧಿಗಳನ್ನು ಸರದಿಯಂತೆ ಬಳಸಬೇಕು. ಹೆಸರು ಬೇರೆಯಾದರೂ ಒಂದೇ ವರ್ಗದ ಔಷಧಿಯಾಗಿದ್ದಲ್ಲಿ ಸರದಿ ಎನಿಸುವುದಿಲ್ಲ.

• ಕೊಯ್ಲಿಗೆ ಮುನ್ನ ಬಿಡಬೇಕಾದ ಅವಧಿಯನ್ನು ಪಾಲಿಸಬೇಕು. ಐರೋಪ್ಯ ಒಕ್ಕೂಟವು 2017ರಲ್ಲಿ ಅಕ್ಕಿಯಲ್ಲಿನ ಟ್ರೈಸೈಕ್ಲಜೋಲ್ ಶೇಷಾಂಶದ ಮಿತಿಯನ್ನು ಪ್ರತಿ ಕಿಲೋಗೆ 1 ಮಿ.ಗ್ರಾಂನಿಂದ 0.01 ಮಿ.ಗ್ರಾಂಗೆ ಇಳಿಸಿತು.

• ಸಸ್ಯಜನ್ಯವೆಂದ ಮಾತ್ರಕ್ಕೆ ನಿರಪಾಯವಲ್ಲ. ದತ್ತೂರಿ, ಲಂಟಾನದಂತಹ ವಿಷಸಸ್ಯಗಳ ರಸವನ್ನು ನಿರ್ವಹಿಸುವಾಗಲೂ ಕೈಗವಸು ಧರಿಸಬೇಕು.

ಯಾವುದೇ ಔಷಧಿಯನ್ನು ಖರೀದಿಸುವ ಮುನ್ನ ಅದು ಆ ಬೆಳೆಗೆ ಅನುಮೋದಿತವಾಗಿರುವುದನ್ನು ಲೇಬಲ್‌ನಲ್ಲಿ ಖಚಿತಪಡಿಸಿಕೊಳ್ಳಬೇಕು. ರೋಗ ಲಕ್ಷಣವಿರುವ ಗಿಡದ ಮಾದರಿಯೊಂದಿಗೆ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರವನ್ನು ಅಥವಾ ಮಂಡ್ಯದ ವಿ.ಸಿ. ಫಾರಂನಲ್ಲಿರುವ ವಲಯ ಕೃಷಿ ಸಂಶೋಧನಾ ಕೇಂದ್ರದ ತಜ್ಞರನ್ನು ಸಂಪರ್ಕಿಸಿ ಸಲಹೆ ಪಡೆಯಬಹುದಾಗಿದೆ.